ಫೋರ್ಕಲ್ಲಿ ತೂತೇ ಇಲ್ಲ, ಬ್ರೇಕ್ ಎಲ್ಲಿಗೆ ಹಾಕ್ಲಿ ಸ್ವಾಮಿ?

ಕಸ್ಟಮರ್ ಕೇರ್‌ನವರಿಗೆ, ಮತ್ತೆ ನಿಮ್ ಕಂಪನೀಲಿ ಗ್ರೀವೆನ್ಸ್ ಆಫೀಸರ್ ಅಂತ ಯಾರಾದ್ರೂ ಇದ್ರೆ ಅವ್ರಿಗೂ,

ನಮಸ್ಕಾರ. ಆರ್ಡರ್ ನಂಬರು, ಬಿಲ್ಲು, ಫೋಟೋ ಎಲ್ಲಾ ಈ ಮೇಲ್ ಜೊತೆ ಹಾಕಿದೀನಿ. ನಿಮ್ ಹತ್ರ ತಗೊಂಡಿದ್ದು ಫಿಕ್ಸಿ ಕನ್ವರ್ಷನ್ ಕಿಟ್ಟು, ಅಂದ್ರೆ ಹಳೇ ಸೈಕಲ್ಲನ್ನ ಫಿಕ್ಸ್ಡ್ ಗೇರ್ (ಚಕ್ರ ತಿರುಗೋವಷ್ಟು ಹೊತ್ತೂ ಪೆಡಲ್ ತಿರುಗ್ತಾನೇ ಇರೋ) ಸೈಕಲ್ ಮಾಡ್ಕೊಳ್ಳೋ ಸಾಮಾನು. ಮುಂದಿನ ಚಕ್ರ ಹಿಡಿಯೋ ಫೋರ್ಕು, ರಿಮ್ಮನ್ನ ಎರಡೂ ಕಡೆಯಿಂದ ಅದುಮೋ ಮುಂದಿನ ಬ್ರೇಕಿನ ಕ್ಯಾಲಿಪರ್, ಕೈಲಿ ಹಿಡಿಯೋ ಲಿವರ್, ಕೊಂಬಿನ ಥರ ಮುಂದಕ್ಕೆ ಚಾಚಿರೋ ಬುಲ್‌ಹಾರ್ನ್ ಹ್ಯಾಂಡಲ್, ಹ್ಯಾಂಡಲನ್ನ ಫೋರ್ಕಿಗೆ ಸೇರಿಸೋ ಸ್ಟೆಮ್ಮು, ಐದೂ ಬಂದಿದೆ, ಒಂದೂ ಕಮ್ಮಿ ಇಲ್ಲ, ಪ್ಯಾಕಿಂಗೂ ಚೆನ್ನಾಗಿತ್ತು. ಆದ್ರೆ ಸ್ಟೆಮ್ಮು ಫೋರ್ಕೊಳಗೆ ಇಳೀತು ಅನ್ನೋದು ಬಿಟ್ರೆ ಒಂದಕ್ಕೊಂದು ಕೂರೋ ಸಾಮಾನು ಅದ್ರಲ್ಲಿ ಇಲ್ಲ ಮಾರಾಯ್ರೇ.

ಮೊದ್ಲು ಫೋರ್ಕಿಂದೇ ಹೇಳ್ತೀನಿ, ಯಾಕಂದ್ರೆ ಗಲಾಟೆ ಎಲ್ಲಾ ಅದ್ರದ್ದೇ. ಶಿವಮೊಗ್ಗದಲ್ಲಿ ನಮ್ಮ ಸೈಕಲ್ ಶಾಪ್ ಅಣ್ಣನ ಹತ್ರ ತಗೊಂಡ್ ಹೋಗಿ ಬಾಕ್ಸ್ ಬಿಚ್ಚಿದ್ದು. ಅವ್ರು ಫೋರ್ಕ್ ಎತ್ಕೊಂಡು, ಕ್ರೌನ್ ಹತ್ರ, ಅಂದ್ರೆ ಫೋರ್ಕಿನ ಎರಡು ಕಾಲು ಸೇರೋ ಜಾಗದಲ್ಲಿ, ಮುಂದ್ಗಡೆ ಹೆಬ್ಬೆರಳಾಡಿಸಿದ್ರು, ತಿರುಗಿಸಿ ಹಿಂದ್ಗಡೆ ಆಡಿಸಿದ್ರು, ಆಮೇಲೆ ಪೇಂಟೇನಾದ್ರೂ ಮುಚ್ಚಿದ್ಯಾ ಅಂತ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿದ್ರು. ತೂತಿಲ್ಲ. ಕ್ಯಾಲಿಪರಿನ ಬೋಲ್ಟ್ 6 ಎಂಎಂದು ನಟ್ ಸಮೇತ ಟೇಬಲ್ ಮೇಲಿದೆ, ಅದು ಹೋಗೋ ಜಾಗನೇ ಇಲ್ಲ. ಎಲೆ ಕೊಟ್ಟು ಅಡಿಕೆ ಮರ್ತಂಗೆ ಆಯ್ತಲ್ಲ ಇದು. ಒಂದೇ ಬಾಕ್ಸಲ್ಲಿ ಬ್ರೇಕೂ ಹಾಕಿ, ಬ್ರೇಕ್ ಹಾಕೋಕಾಗದೇ ಇರೋ ಫೋರ್ಕೂ ಹಾಕೋವಾಗ ನಿಮ್ಮಲ್ಲಿ ಒಬ್ರಿಗಾದ್ರೂ ಅನುಮಾನ ಬರ್ಲಿಲ್ವಾ?

ನಾನು ಕೇಳದೆ ತಗೊಂಡಿದ್ದೂ ಅಲ್ಲ. ನನ್ನ ಹಳೇ ಸ್ಟೀಲ್ ಫ್ರೇಮಿನ ಫೋರ್ಕ್ ಬೆಂಡಾಗಿದೆ, 1 ಇಂಚಿನ ಥ್ರೆಡೆಡ್ ಸ್ಟೀರರ್ (ಫೋರ್ಕಿನ ಮೇಲಿರೋ, ಸ್ಕ್ರೂ ಗೆರೆ ಇರೋ ಪೈಪು) ಬೇಕು, ಮುಂದೆ ಕ್ಯಾಲಿಪರ್ ಬ್ರೇಕ್ ಹಾಕ್ಲೇಬೇಕು, ಮಳೆಗಾಲದಲ್ಲಿ ಮಡ್‌ಗಾರ್ಡೂ ಬೇಕು, 32 ಎಂಎಂ ಅಗಲದ ಟೈರ್ ಹೋಗ್ಬೇಕು ಅಂತ ಚಾಟಲ್ಲಿ ಬರೆದು, ಹಳೇ ಫೋರ್ಕಿಗೆ ಸ್ಕೇಲ್ ಹಿಡಿದ ಫೋಟೋನೂ ಕಳಿಸಿದ್ದೆ. ಅದಕ್ಕೆ ನಿಮ್ಮ ಹುಡುಗ ಕೊಟ್ಟ ಉತ್ತರ "ಯೂನಿವರ್ಸಲ್ ಸಾರ್, ಎಲ್ಲದಕ್ಕೂ ಫಿಟ್ ಆಗತ್ತೆ". ಸ್ಕ್ರೀನ್‌ಶಾಟ್ ಇದೆ.

ನೀವು ಕಳಿಸಿರೋದು ಟ್ರ್ಯಾಕ್ ಫೋರ್ಕು. ವೆಲೋಡ್ರೋಮಲ್ಲಿ, ಅಂದ್ರೆ ಸೈಕಲ್ ರೇಸಿನ ಟ್ರ್ಯಾಕಲ್ಲಿ, ಓಡ್ಸೋಕೆ ಮಾಡಿದ್ದು. ಅಲ್ಲಿ ಎಲ್ರೂ ಒಂದೇ ದಿಕ್ಕಿಗೆ ಸುತ್ತು ಹೊಡೀತಾರೆ, ಯಾರ ಸೈಕಲ್ಲಿಗೂ ಬ್ರೇಕ್ ಇರಲ್ಲ, ಎದುರಿಗೆ ಅಡಿಕೆ ಮೂಟೆ ತುಂಬಿದ ಲಾರಿ ಬರಲ್ಲ, ಹಾಗಾಗಿ ತೂತು ಬೇಡ, ಸಪೂರ ಟೈರಿಗೆ ತಕ್ಕಷ್ಟೇ ಸಂದು ಸಾಕು. ಅದನ್ನ ಅದಕ್ಕೇ ಮಾರಿ, ಬೇಡ ಅನ್ನೋರ್ಯಾರು? ನನ್ನ 32ರ ಟೈರ್ ಹಾಕಿ ತಿರುಗಿಸಿದ್ರೆ ಕ್ರೌನಿಗೆ ಉಜ್ತದೆ, ಮಡ್‌ಗಾರ್ಡ್ ಮಾತು ಬಿಟ್ಟೇಬಿಡಿ. ಮಂಡಗದ್ದೆ ಕಡೆ ರಸ್ತೇಲಿ ಜುಲೈ ತಿಂಗಳು ಮಡ್‌ಗಾರ್ಡ್ ಇಲ್ದೆ ಒಂದ್ಸಲ ಹೋಗ್ಬನ್ನಿ, ಕಾಲಿಗೂ ಮುಖಕ್ಕೂ ಕೆಂಪು ಕೆಸರು ಎರಚ್ಕೊಂಡೇ ಮನೆಗೆ ಬರ್ತೀರಿ.

ದೂರು ಹೇಳಿದ್ಮೇಲೆ ನೀವು ಕೊಟ್ಟ ಉತ್ತರ ಇದಕ್ಕಿಂತ ಮಜ. "ಫಿಕ್ಸ್ಡ್ ಗೇರ್‌ಗೆ ಬ್ರೇಕ್ ಬೇಡ ಸಾರ್, ಕಾಲಲ್ಲೇ ನಿಲ್ಸೋದು." ಇದನ್ನ ಯಾರು ಕಲಿಸಿದ್ದು ಆ ಹುಡುಗಂಗೆ? ಕಾಲಲ್ಲಿ ಹಿಂದಕ್ಕೆ ಒತ್ತಿ ಹಿಡಿದ್ರೆ ಸ್ಲೋ ಆಗೋದು ಹಿಂದಿನ ಚಕ್ರ ಒಂದೇ, ಮತ್ತೆ ಬ್ರೇಕ್ ಹಿಡಿದಾಗ ಭಾರ ಎಲ್ಲಾ ಮುಂದಕ್ಕೆ ಬಂದು ಹಿಂದಿನ ಟೈರಿಗೆ ಹಿಡಿತ ಕಮ್ಮಿ ಆಗ್ತದೆ, ಅದಕ್ಕೇ ಯಾವ ಸೈಕಲ್ಲಲ್ಲೂ ಜೋರಾಗಿ ನಿಲ್ಸೋ ಕೆಲಸ ಮುಂದಿನ ಬ್ರೇಕಿಂದು. ಲೆಕ್ಕಾನೂ ಹೇಳ್ತೀನಿ ಕೇಳಿ. ನನ್ನ ಗೇರ್ 46ಕ್ಕೆ 16, ಅಂದ್ರೆ ಮುಂದಿನ ಹಲ್ಲುಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 16. ಪೆಡಲ್ ಒಂದು ಸುತ್ತು ಬಂದ್ರೆ ಸೈಕಲ್ ಸುಮಾರು 6.2 ಮೀಟರ್ ಹೋಗ್ತದೆ. ಇಳಿಜಾರಲ್ಲಿ 40 ಕಿಲೋಮೀಟರ್ ಸ್ಪೀಡ್ ಬಂದ್ರೆ ನಿಮಿಷಕ್ಕೆ ಸುಮಾರು 108 ಸುತ್ತು ಕಾಲು ತಿರುಗ್ತಿರ್ಬೇಕು, 50 ಬಂದ್ರೆ 134 ಹತ್ರ, ಫ್ರೀವೀಲ್ ಇಲ್ವಲ್ಲ, ಕಾಲು ಸುಮ್ನೆ ಇಡೋ ಹಂಗಿಲ್ಲ. ಅಷ್ಟು ಜೋರಾಗಿ ತಿರುಗೋ ಪೆಡಲನ್ನ ಒದ್ದೆ ರಸ್ತೇಲಿ, ಆಗುಂಬೆ ಘಾಟಿಯ 14 ಹೇರ್‌ಪಿನ್ನಲ್ಲಿ ಯಾವುದಾದ್ರೂ ಒಂದರ ಹತ್ರ ಕಾಲಲ್ಲಿ ಹಿಡಿದು ನಿಲ್ಸಿ ತೋರ್ಸಿ. ಹಿಂದಿನ ಚಕ್ರ ಸ್ಕಿಡ್ ಹೊಡೆದು ನೇರ ಕಟ್ಟೆಗೆ ಹೋಗ್ತದೆ ಅಷ್ಟೇ. ಇನ್ನು ಚೈನ್ ಕಳಚ್ಕೊಂಡ್ರೆ, ಅಥ್ವಾ ತುಂಡಾದ್ರೆ? ಕಾಲು ಬ್ರೇಕೂ ಅದ್ರ ಜೊತೆಗೇ ಹೋಯ್ತು. ಆಮೇಲೆ ನಿಲ್ಸೋಕೆ ಉಳಿದಿರೋದು ಚಪ್ಪಲಿ. ಇಂಗ್ಲೆಂಡಲ್ಲಿ ಫಿಕ್ಸ್ಡ್ ಗೇರ್ ಸೈಕಲ್ ರಸ್ತೆಗೆ ಇಳಿಸ್ಬೇಕಂದ್ರೆ ಮುಂದಿನ ಬ್ರೇಕ್ ಕಾನೂನು ಪ್ರಕಾರ ಇರ್ಲೇಬೇಕು, ಅಲ್ಲಿ ನಮ್ಮಂಥ ಘಾಟಿ ಇಲ್ದಿದ್ರೂ.

ಎರಡ್ನೇ ಸಲಹೆ, "ಲೋಕಲ್ ವೆಲ್ಡಿಂಗ್ ಶಾಪಲ್ಲಿ ಡ್ರಿಲ್ ಮಾಡಿಸ್ಕೊಳ್ಳಿ". ನಿಮ್ಮದೇ ವಾರಂಟಿ ಕಾರ್ಡಲ್ಲಿ ಡ್ರಿಲ್ ಮಾಡಿದ್ರೆ ವಾರಂಟಿ ಹೋಯ್ತು ಅಂತ ಪ್ರಿಂಟಾಗಿದೆ, ಓದಿದೀರಾ? ಬ್ರೇಕ್ ಹಿಡಿದಾಗ ಎಳೆತ ಎಲ್ಲಾ ಬೀಳೋದು ಆ ಕ್ರೌನ್ ಜಾಗಕ್ಕೇ, ತೂತಿಗೆ ಅಂತ ದಪ್ಪ ಬಿಟ್ಟು ಮಾಡಿರದ ತೆಳು ಪೈಪಿಗೆ ಯಾರೋ ಅಂದಾಜಲ್ಲಿ ಡ್ರಿಲ್ ಇಳಿಸಿದ್ರೆ ಆ ಫೋರ್ಕ್ ಮೇಲೆ ನಾನಂತೂ ಕೂರಲ್ಲ. ಶಾಪ್ ಅಣ್ಣ ಕೈ ಮುಗಿದು ಬಿಟ್ರು, ದುಡ್ಡು ಕೊಟ್ರೂ ಮಾಡಲ್ಲ ಅಂತ.

ಸರಿ, ತೂತಿರೋ ಫೋರ್ಕೇ ಬಂತು ಅಂತ ಇಟ್ಕೊಳ್ಳಿ, ಆಗ್ಲೂ ಈ ಕ್ಯಾಲಿಪರ್ ಆಗಲ್ಲ. ಇದು ಶಾರ್ಟ್ ರೀಚು, ಅಂದ್ರೆ ಬೋಲ್ಟಿಂದ ಕೆಳಗೆ ಮುಟ್ಟೋದು 39ರಿಂದ 49 ಎಂಎಂ ಅಷ್ಟೇ. ಬೋಲ್ಟಿನ ತೂತಿಂದ ರಿಮ್ಮಲ್ಲಿ ರಬ್ಬರ್ ಕೂರೋ ಜಾಗದವರೆಗೆ ಅಳೆದ್ರೆ ನಂದು 55 ಬರ್ತದೆ, ಯಾಕಂದ್ರೆ ಫ್ರೇಮು ಫೋರ್ಕು 27 ಇಂಚಿನ ಚಕ್ರದ ಕಾಲದ್ದು, ಅದ್ರ ರಿಮ್ಮಿನ ವ್ಯಾಸ 630 ಎಂಎಂ, ಈಗಿನ 700ಸಿ ಅಳತೆಯ ರಿಮ್ಮಿಂದು 622, ಅಂದ್ರೆ 8ರ ಅರ್ಧ, ರಿಮ್ಮು 4 ಎಂಎಂ ಕೆಳಗೆ ಹೋಯ್ತು, ಜೊತೆಗೆ ಮಡ್‌ಗಾರ್ಡಿಗೂ ಜಾಗ ಬಿಡ್ಬೇಕು. ಅದಕ್ಕೇ ಹೊಸ ಫೋರ್ಕೂ ಅದೇ ಅಳತೇದು ಬೇಕು ಅಂತ ಬರೆದಿದ್ದು. 47ರಿಂದ 57ರ ಕ್ಯಾಲಿಪರ್ ಮಾರ್ಕೆಟ್ಟಲ್ಲಿ ಸಿಗ್ತದೆ, ದೊಡ್ಡ ವಿಷಯ ಏನಲ್ಲ. ಶಾರ್ಟ್ ರೀಚ್ ಹಾಕಿದ್ರೆ ಬ್ರೇಕ್ ಶೂ ಎಷ್ಟು ಕೆಳಗೆ ಎಳೆದ್ರೂ ರಿಮ್ ಬಿಟ್ಟು ಟೈರ್ ಸೈಡಿಗೆ ಕಚ್ತದೆ, ಆಮೇಲೆ ಟೈರ್ ಕೊಯ್ದು ಎಲ್ಲೋ ಕಾಡಲ್ಲಿ ಢಂ ಅನ್ನೋದು.

ಲಿವರ್ ಕಥೆ ಇನ್ನೊಂದು. ಕಳಿಸಿರೋದು ವಿ-ಬ್ರೇಕ್ ಅನ್ನೋ ಬೇರೆ ಜಾತಿ ಬ್ರೇಕಿನ ಲಿವರು. ಅದು ಕ್ಯಾಲಿಪರ್ ಲಿವರಿಗಿಂತ ಹತ್ತತ್ರ ಎರಡು ಪಟ್ಟು ಕೇಬಲ್ ಎಳೀತದೆ, ಎಳೆಯೋ ಬಲ ಅಷ್ಟೇ ಕಮ್ಮಿ. ಕ್ಯಾಲಿಪರಿಗೆ ಅದನ್ನ ಜೋಡಿಸಿದ್ರೆ ಲಿವರ್ ಕಲ್ಲಿನ ಹಾಗೆ ಗಟ್ಟಿ ಇರ್ತದೆ, ಕೈ ನೋವು ಬರೋವರೆಗೆ ಹಿಡಿದ್ರೂ ಸೈಕಲ್ ನಿಲ್ಲಲ್ಲ. ಹಿಡಿದವರಿಗೆ ಬ್ರೇಕ್ ಚೆನ್ನಾಗೇ ಟೈಟಿದೆ ಅನ್ಸೋದು ಇದ್ರಲ್ಲಿರೋ ದೊಡ್ಡ ಅಪಾಯ. ಅದೂ ಹ್ಯಾಂಡಲಿಗೆ ಕೂರಲ್ಲ, ಲಿವರ್ ಕ್ಲ್ಯಾಂಪ್ (ಹ್ಯಾಂಡಲ್ ಹಿಡಿಯೋ ಬಳೆ) 22.2 ಎಂಎಂ, ನಿಮ್ಮ ಬುಲ್‌ಹಾರ್ನ್ 23.8.

ಹ್ಯಾಂಡಲ್ ಮಾತ್ರ ಚೆಂದ ಇದೆ, ಸುಳ್ಳು ಹೇಳಲ್ಲ. ಗೇರ್ ಇಲ್ದೆ ಏರು ಹತ್ತೋವಾಗ ಸೀಟಿಂದ ಎದ್ದು ನಿಂತು ಮುಂದಿನ ಕೊಂಬು ಹಿಡ್ಕೊಂಡು ತುಳಿಯೋಕೆ ಬುಲ್‌ಹಾರ್ನೇ ಸರಿ, ಅದಕ್ಕೇ ಆರಿಸಿದ್ದು. ಆದ್ರೆ ಅದ್ರ ನಡು 31.8, ನಿಮ್ಮ ಸ್ಟೆಮ್ಮಿನ ಬಾಯಿ 25.4. ಕೇಳಿದ್ರೆ ಶಿಮ್ (ಸಂದು ತುಂಬೋಕೆ ಸುತ್ತೋ ತಗಡು) ಹಾಕಿ ಅಂತೀರಿ. ಶಿಮ್ ಹಾಕೋದು ಹ್ಯಾಂಡಲ್ ಸಪೂರ ಇದ್ದು ಸ್ಟೆಮ್ ದೊಡ್ಡದಿದ್ದಾಗ. ಇಲ್ಲಿ ಉಲ್ಟಾ. ದಪ್ಪ ಪೈಪು ಸಣ್ಣ ಬಾಯಿಗೆ ಹೋಗ್ಬೇಕು ಅಂದ್ರೆ ಶಿಮ್ ಎಲ್ಲಿಗೆ ಸುತ್ಲಿ?

ಈಗ ನಂಗೆ ಬೇಕಿರೋದು ಇಷ್ಟು. ಬ್ರೇಕ್ ತೂತಿರೋ, 32ರ ಟೈರೂ ಮಡ್‌ಗಾರ್ಡೂ ಹಿಡಿಸೋ 1 ಇಂಚಿನ ಥ್ರೆಡೆಡ್ ಫೋರ್ಕ್, ಅದಕ್ಕೆ 47–57ರ ಕ್ಯಾಲಿಪರ್, 23.8ರ ರೋಡ್ ಲಿವರ್, ಮತ್ತೆ 31.8ರ ಬಾಯಿ ಇರೋ, 1 ಇಂಚಿನ ಸ್ಟೀರರೊಳಗೆ ಇಳಿಯೋ 22.2ರ ಕ್ವಿಲ್ ಸ್ಟೆಮ್. ಹ್ಯಾಂಡಲ್ ನಾನೇ ಇಟ್ಕೋತೀನಿ. ಇದು ನಿಮ್ಮಿಂದ ಆಗಲ್ಲ ಅಂದ್ರೆ ಐದೂ ವಾಪಸ್ ತಗೊಂಡು ಪೂರ್ತಿ ದುಡ್ಡು ಹಾಕಿ, ಸ್ಟೋರ್ ಕ್ರೆಡಿಟ್ಟು ಕೂಪನ್ನು ಯಾವುದೂ ಬೇಡ, ಕೊರಿಯರ್ ಚಾರ್ಜು ನಿಮ್ಮದೇ. "ಓಪನ್ ಮಾಡಿದ ಬಾಕ್ಸ್ ರಿಟರ್ನ್ ಇಲ್ಲ" ಅಂತ ಬರೆದಿದೀರಲ್ಲ, ಅದು ನಡೆಯಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ಮಾರೋವಾಗ ಹೇಳಿದ ಹಾಗೆ ಇಲ್ಲದ ವಸ್ತುನ ಮಾರಿದವರು ವಾಪಸ್ ತಗೊಳ್ಳಲ್ಲ ಅನ್ನೋ ಹಂಗಿಲ್ಲ, ದೂರು ಬಂದ 48 ಗಂಟೆ ಒಳಗೆ ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದ ಒಳಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ.

ಇನ್ನೊಂದು ಮಾತು, ಇದು ನನಗೋಸ್ಕರ ಅಲ್ಲ. ನಿಮ್ ಪೇಜಲ್ಲಿ ಆ ಕಿಟ್ಟಿನ ಕೆಳಗೆ ಯೂನಿವರ್ಸಲ್ ಅನ್ನೋದನ್ನ ತೆಗೆದು ಫೋರ್ಕಲ್ಲಿ ಬ್ರೇಕ್ ತೂತಿಲ್ಲ ಅಂತ ಬರೀರಿ, ರೀಚ್ ಎಷ್ಟು, ಕ್ಲ್ಯಾಂಪ್ ಎಷ್ಟು ಅಂತ ಹಾಕಿ. ಇಲ್ಲಿ ಕಾಲೇಜ್ ಹುಡುಗ್ರು ಫೋಟೋ ನೋಡಿ ತಗೊಳ್ತಾರೆ, ಬ್ರೇಕ್ ಕೂರ್ಲಿಲ್ಲ ಅಂದ್ರೆ ಬ್ರೇಕ್ ಇಲ್ದೇನೇ ಓಡಿಸ್ತಾರೆ.

ಬಾಕ್ಸ್ ಮತ್ತೆ ಪ್ಯಾಕ್ ಮಾಡಿ ಇಟ್ಟಿದೀನಿ. ಪಿಕಪ್‌ಗೆ ಬರೋರಿಗೆ ಹೊರಡೋ ಮೊದ್ಲೇ ಮೆಸೇಜ್ ಹಾಕೋಕೆ ಹೇಳಿ, ಮಳೆ ಬಂದ್ರೆ ನಮ್ಮನೆ ಕಡೆ ಫೋನ್ ಸಿಗಲ್ಲ, "ಕಸ್ಟಮರ್ ನಾಟ್ ರೀಚಬಲ್" ಅಂತ ಹಾಕಿ ಕ್ಯಾನ್ಸಲ್ ಮಾಡ್ಬಿಡ್ತೀರಿ.

ಇತಿ,
ನಿಮ್ಮ ಗ್ರಾಹಕ, ಶಿವಮೊಗ್ಗ