ಲುಸಿಟಾನಿಯಾ ಒಂದೇ ಕಾರಣ ಅಲ್ಲ

ಮಾನ್ಯ ಸಂಪಾದಕರೇ,

ಮೊದಲನೇ ಮಹಾಯುದ್ಧಕ್ಕೆ ಅಮೆರಿಕ ಯಾಕೆ ಇಳಿಯಿತು ಅನ್ನೋ ಪ್ರಶ್ನೆಗೆ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಒಂದೇ ಸಾಲಿನ ಉತ್ತರ ಇತ್ತು: ಜರ್ಮನಿ ಲುಸಿಟಾನಿಯಾ ಅನ್ನೋ ಬ್ರಿಟಿಷ್ ಪ್ರಯಾಣಿಕ ಹಡಗನ್ನು ಮುಳುಗಿಸಿತು, ಅದಕ್ಕೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗಬಹುದು. ಆದರೆ ತಾರೀಖು ನೋಡಿ. ಹಡಗು ಮುಳುಗಿದ್ದು 1915ರ ಮೇ 7ರಂದು. ಸತ್ತವರಲ್ಲಿ 128 ಜನ ಅಮೆರಿಕದವರು. ಅಮೆರಿಕ ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು. ಈ ನಡುವೆ 1916ರಲ್ಲಿ, ‘ನಮ್ಮನ್ನು ಯುದ್ಧದಿಂದ ದೂರ ಇಟ್ಟವರು’ ಅನ್ನೋ ಪ್ರಚಾರದೊಂದಿಗೆ ಅಧ್ಯಕ್ಷ ವುಡ್ರೋ ವಿಲ್ಸನ್ ಮತ್ತೆ ಚುನಾವಣೆ ಗೆದ್ದರು. ಹಾಗಾದರೆ ಆ ಎರಡು ವರ್ಷದಲ್ಲಿ ಏನು ನಡೆಯಿತು ಅಂತ ಮಕ್ಕಳಿಗೆ ಹೇಳಬೇಕಲ್ವಾ?

ದುಡ್ಡಿನಿಂದ ಶುರು ಮಾಡಬೇಕು. 1914ರ ಆಗಸ್ಟ್‌ನಲ್ಲಿ ವಿಲ್ಸನ್, ಮನಸ್ಸಿನಲ್ಲೂ ಯಾರ ಪಕ್ಷ ವಹಿಸಬೇಡಿ ಅಂತ ಜನರನ್ನು ಕೇಳಿಕೊಂಡರು. ಅವರ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಯುದ್ಧ ಮಾಡುತ್ತಿರುವ ಯಾರಿಗೂ ಸಾಲ ಕೊಡಬಾರದು ಅಂದರು. ದುಡ್ಡು ಹೋದರೆ ಉಳಿದದ್ದೆಲ್ಲ ಅದರ ಹಿಂದೆಯೇ ಹೋಗುತ್ತದೆ ಅನ್ನೋದು ಅವರ ವಾದ. ನನ್ನ ಮಟ್ಟಿಗೆ ಆ ಸರ್ಕಾರದಲ್ಲಿ ಮುಂದಿನದನ್ನು ಸರಿಯಾಗಿ ಕಂಡವರು ಅವರೊಬ್ಬರೇ. ಆ ನಿಲುವು ಕೆಲವು ತಿಂಗಳೂ ನಿಲ್ಲಲಿಲ್ಲ. ಅಕ್ಟೋಬರ್ ಹೊತ್ತಿಗೆ ಬ್ಯಾಂಕುಗಳು ಉದ್ರಿ ಕೊಡಬಹುದು ಅಂತಾಯಿತು. 1915ರ ಜೂನ್‌ನಲ್ಲಿ ಬ್ರಯನ್ ರಾಜೀನಾಮೆ ಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಾರ್ಗನ್ ಬ್ಯಾಂಕ್ ಮುಂದೆ ನಿಂತು ಬ್ರಿಟನ್ ಮತ್ತು ಫ್ರಾನ್ಸ್‌ಗೆ 50 ಕೋಟಿ ಡಾಲರ್ ಸಾಲ ಎತ್ತಿಕೊಟ್ಟಿತು.

ಕಾನೂನಿನ ಪ್ರಕಾರ ಅಮೆರಿಕದ ವ್ಯಾಪಾರಿಗಳು ಬ್ರಿಟನ್ ಕಡೆಗೂ ಜರ್ಮನಿ ಕಡೆಗೂ ಮಾರಬಹುದಿತ್ತು. ಆದರೆ ಸಮುದ್ರ ಬ್ರಿಟಿಷ್ ನೌಕಾಪಡೆಯ ಕೈಯಲ್ಲಿತ್ತು, ಜರ್ಮನಿಗೆ ಹೋಗುವ ದಾರಿಯನ್ನು ಅದು ಮುಚ್ಚಿತು, ಅಮೆರಿಕ ಆಕ್ಷೇಪದ ಪತ್ರ ಬರೆದು ಸುಮ್ಮನಾಯಿತು. ಬ್ರಿಟನ್ ಕಡೆಯ ದೇಶಗಳಿಗೆ 1914ರಲ್ಲಿ ಸುಮಾರು 82 ಕೋಟಿ ಡಾಲರ್ ಇದ್ದ ರಫ್ತು 1916ರಲ್ಲಿ 300 ಕೋಟಿ ದಾಟಿತು. ಜರ್ಮನಿಗೆ ಹೋಗುತ್ತಿದ್ದದ್ದು ಹೆಚ್ಚು ಕಡಿಮೆ ನಿಂತೇ ಹೋಯಿತು. ದೊಡ್ಡ ಗಿರಾಕಿಗೆ ವರ್ಷಗಟ್ಟಲೆ ಉದ್ರಿ ಕೊಟ್ಟ ಅಂಗಡಿಯವನಿಗೆ ಆ ಗಿರಾಕಿ ಮುಳುಗಬಾರದು ಅಂತ ಇದ್ದೇ ಇರುತ್ತದೆ.

ಹಾಗಂತ ಬ್ಯಾಂಕಿನವರು ಅಪ್ಪಣೆ ಕೊಟ್ಟು ಯುದ್ಧ ಮಾಡಿಸಿದರು ಅಂತ ನಾನು ಹೇಳುತ್ತಿಲ್ಲ. ಮೂವತ್ತರ ದಶಕದಲ್ಲಿ ಸೆನೆಟ್‌ನ ನೈ ಸಮಿತಿ ಇದನ್ನು ಕೆದಕಿ ನೋಡಿತು, ಅಂಥದ್ದು ಸಾಬೀತಾಗಲಿಲ್ಲ. ಜರ್ಮನಿಯ ತಪ್ಪೂ ಸಣ್ಣದಲ್ಲ. 1917ರ ಫೆಬ್ರವರಿ 1ರಿಂದ ಕಂಡ ಹಡಗನ್ನೆಲ್ಲ ಮುಳುಗಿಸುತ್ತೇವೆ ಅಂದದ್ದು ಅವರೇ. ಅಮೆರಿಕದ ಮೇಲೆ ಮೆಕ್ಸಿಕೋವನ್ನು ಎತ್ತಿಕಟ್ಟಲು ತಂತಿ ಕಳಿಸಿದ್ದೂ ಅವರೇ. ಆದರೆ ಅಮೆರಿಕ ಯುದ್ಧಕ್ಕೆ ಬರುತ್ತದೆ ಅಂತ ಗೊತ್ತಿದ್ದೂ ಯಾಕೆ ಆ ಜೂಜಿಗೆ ಇಳಿದರು? ಬ್ರಿಟನ್ ಉಸಿರಾಡುತ್ತಿದ್ದದ್ದೇ ಅಟ್ಲಾಂಟಿಕ್ ದಾಟಿ ಬರುವ ಸರಕಿನಿಂದ. ಐದು ತಿಂಗಳು ಅದನ್ನು ತಡೆದರೆ, ಅಮೆರಿಕದ ಸೈನ್ಯ ಬರುವಷ್ಟರಲ್ಲಿ ಬ್ರಿಟನ್ ಸೋತಿರುತ್ತದೆ ಅನ್ನೋದು ಅವರ ನೌಕಾಪಡೆಯ ಲೆಕ್ಕವಾಗಿತ್ತು. ಆ ಲೆಕ್ಕ ತಪ್ಪಿತು.

ಜನ ಸತ್ತದ್ದೇ ಕಾರಣ ಅನ್ನುವವರು ನಾರ್ವೆಯನ್ನೂ ನೋಡಬೇಕು. ಚಿಕ್ಕ ದೇಶ, ಅದೂ ತಟಸ್ಥ. ಯುದ್ಧದಲ್ಲಿ ಅದರ ಸುಮಾರು 2000 ನಾವಿಕರು ಸತ್ತರು, ಹಡಗುಗಳು ನೂರಾರು ಮುಳುಗಿದವು. ಆದರೂ ಅದು ಯುದ್ಧ ಸಾರಲಿಲ್ಲ.

ನಮ್ಮ ಪುಸ್ತಕಗಳಲ್ಲಿ ಇದರ ಜೊತೆಗೆ ಹೇಳದೇ ಬಿಡುವ ಇನ್ನೊಂದು ಸಂಗತಿ ನಮ್ಮವರದ್ದೇ. 1915ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೋದಿಂದ ಆನಿ ಲಾರ್ಸನ್ ಅನ್ನೋ ಹಡಗು ಹೊರಟಿತು. ಅದರಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕದಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಪಕ್ಷದ ಕ್ರಾಂತಿಕಾರಿಗಳಿಗಾಗಿ ಜರ್ಮನಿ ದುಡ್ಡು ಕೊಟ್ಟು ಕೊಂಡ ಸಾವಿರಾರು ಬಂದೂಕುಗಳಿದ್ದವು. ಅವು ಭಾರತ ಮುಟ್ಟಲಿಲ್ಲ, ಅಮೆರಿಕದ ಅಧಿಕಾರಿಗಳೇ ಜಪ್ತಿ ಮಾಡಿದರು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಆರೋಪ ಏನು ಗೊತ್ತಾ? ಅಮೆರಿಕದ ತಟಸ್ಥ ನೀತಿಗೆ ಭಂಗ ತರುವ ಒಳಸಂಚು. ವ್ಯಾಪಾರಕ್ಕೆ ಮಾರುವುದು ಬೇರೆ, ಅಲ್ಲಿನ ನೆಲದಿಂದ ದಂಗೆಗೆ ಶಸ್ತ್ರ ಕಳಿಸುವುದು ಬೇರೆ ಅಂತ ಕಾನೂನು ಹೇಳುತ್ತದೆ, ಒಪ್ಪುತ್ತೇನೆ. ಆದರೆ ಅದೇ ಮೂರು ವರ್ಷ ಬ್ರಿಟನ್‌ಗೆ ಹಡಗುಗಟ್ಟಲೆ ಮದ್ದುಗುಂಡು ಹೋಗುತ್ತಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕೊನೆಗೆ 1917ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 373 ಮತ ಯುದ್ಧದ ಪರ, 50 ವಿರುದ್ಧ. ಒಂದು ಲಕ್ಷಕ್ಕೂ ಜಾಸ್ತಿ ಅಮೆರಿಕದ ಸೈನಿಕರು ಸತ್ತರು. 1935ರಿಂದ 1937ರೊಳಗೆ ಅದೇ ಸಂಸತ್ತು ಯುದ್ಧನಿರತ ದೇಶಗಳಿಗೆ ಶಸ್ತ್ರ ಮಾರಾಟ, ಸಾಲ, ಅವುಗಳ ಹಡಗಲ್ಲಿ ಪ್ರಯಾಣ ಎಲ್ಲವನ್ನೂ ನಿಷೇಧಿಸುವ ಕಾನೂನು ತಂದಿತು. ಬ್ರಯನ್ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪಿಕೊಂಡ ಹಾಗಾಯಿತು, ಇಪ್ಪತ್ತು ವರ್ಷ ತಡವಾಗಿ.

ಆದ್ದರಿಂದ ನನ್ನ ಕೋರಿಕೆ ಎರಡು. ವಿದ್ಯಾರ್ಥಿ ಪುಟದ ಆ ಉತ್ತರವನ್ನು ದಯವಿಟ್ಟು ಬಿಡಿಸಿ ಬರೆಸಿ. ಮತ್ತೆ ಇವತ್ತಿನ ಯುದ್ಧಗಳ ಸುದ್ದಿಯಲ್ಲಿ ಯಾವುದಾದರೂ ದೇಶವನ್ನು ತಟಸ್ಥ ಅಂತ ಬರೆದಾಗ, ಅದು ಯಾರಿಗೆ ಏನು ಮಾರುತ್ತಿದೆ, ಯಾರಿಗೆ ಎಷ್ಟು ಸಾಲ ಕೊಟ್ಟಿದೆ ಅನ್ನೋದನ್ನೂ ಪಕ್ಕದಲ್ಲೇ ಕೊಡಿ.

ಇಂತಿ,
ನಿವೃತ್ತ ಶಿಕ್ಷಕ, ಧಾರವಾಡ