ಪಂಪಿನ ಬೇಸಲ್ ದರ: ಮೊದಲ ದಿನದ ಅಂಕಿಯೇ ಕೊನೆಯದಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಇನ್ಸುಲಿನ್ ಪಂಪ್ ಹಾಕಿಸಿಕೊಂಡು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿಗೆ ಮರಳಿದ ಟೈಪ್ 1 ಮಧುಮೇಹಿಗಳ ಮನೆಗಳಲ್ಲಿ ‘ಅಷ್ಟು ದುಡ್ಡು ಸುರಿದರೂ ಶುಗರ್ ಹತೋಟಿಗೆ ಬರಲಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಎಷ್ಟೋ ಸಲ ತಪ್ಪು ಪಂಪಿನದಲ್ಲ. ಮೊದಲ ದಿನ ಕೂರಿಸಿದ ಬೇಸಲ್ ದರವನ್ನು ಆಮೇಲೆ ಯಾರೂ ಪರೀಕ್ಷಿಸಿ ನೋಡಿರುವುದಿಲ್ಲ.

ಊಟ ಮಾಡಲಿ ಬಿಡಲಿ, ಯಕೃತ್ತು ಹಗಲೂ ರಾತ್ರಿ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ಸರಿದೂಗಿಸಲು ಪಂಪ್ ಹನಿಹನಿಯಾಗಿ ಬಿಡುವ ಇನ್ಸುಲಿನ್ನೇ ಬೇಸಲ್. ಮುದ್ದೆಗೋ ಅನ್ನಕ್ಕೋ ಕೊಡುವ ಬೋಲಸ್ ಬೇರೆ. ಇಂಜೆಕ್ಷನ್ನಿನಲ್ಲಿ ದಿನಕ್ಕೆ ಒಟ್ಟು 40 ಯೂನಿಟ್ ಹೋಗುತ್ತಿತ್ತು ಅನ್ನಿ. ಪಂಪಿಗೆ ಬಂದಾಗ ಸಾಮಾನ್ಯವಾಗಿ ಕಾಲು ಭಾಗ ಇಳಿಸಿ 30 ಮಾಡುತ್ತಾರೆ. ಅದರಲ್ಲಿ ಅರ್ಧ, ಅಂದರೆ 15, ಬೇಸಲ್‌ಗೆ. 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 0.6 ಯೂನಿಟ್. ಇದು ಶುರುವಿನ ಅಂದಾಜು ಅಷ್ಟೇ. ಹಿಂದಿನ ರಾತ್ರಿ ಚುಚ್ಚಿಕೊಂಡ ಗ್ಲಾರ್ಜಿನ್ ಎಂಬ ನಿಧಾನದ ಇನ್ಸುಲಿನ್ ಸುಮಾರು ಒಂದು ದಿನ ಮೈಯಲ್ಲಿ ಕೆಲಸ ಮಾಡುತ್ತದೆ. ಅದರ ಮೇಲೆ ಪೂರ್ತಿ ಬೇಸಲ್ ಬಿಟ್ಟರೆ ಶುಗರ್ ಕುಸಿಯುತ್ತದೆ.

ಪರೀಕ್ಷೆಯನ್ನು ರಾತ್ರಿಯಿಂದ ಶುರುಮಾಡಿ. 7ಕ್ಕೆ ಜಿಡ್ಡಿಲ್ಲದ ಮಾಮೂಲಿ ಊಟ, ಅದಕ್ಕೆ ಬೋಲಸ್. ಆ ಬೋಲಸ್‌ನ ಪ್ರಭಾವ ಇಳಿಯಲು ನಾಲ್ಕು ಗಂಟೆ ಬಿಟ್ಟು 11, 1, 3, 5, 7ಕ್ಕೆ ಶುಗರ್ ನೋಡಿ ಬರೆದಿಡಿ. ಏರಿಳಿತ 30 ಅಂಕಿಯೊಳಗಿದ್ದರೆ ದರ ಸರಿಯಿದೆ. 70ಕ್ಕಿಂತ ಕೆಳಗಿಳಿದರೆ ಪರೀಕ್ಷೆ ನಿಲ್ಲಿಸಿ ಸಕ್ಕರೆ ಕೊಡಲೇಬೇಕು. ಜ್ವರವಿದ್ದ ದಿನ, ಮಗು ಸಂಜೆಯೆಲ್ಲ ಆಡಿ ದಣಿದ ದಿನ ಈ ಪರೀಕ್ಷೆ ಬೇಡ.

ಎರಡು ಮೂರು ರಾತ್ರಿ ಒಂದೇ ಥರ ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ ದರ ಬದಲಿಸಬೇಕು. 3 ಗಂಟೆಗೆ 120 ಇದ್ದದ್ದು 7ಕ್ಕೆ 190 ಆದರೆ ಅದು ಬೆಳಗಿನ ಜಾವದ ಹಾರ್ಮೋನುಗಳ ಕೆಲಸ. ಚರ್ಮದಡಿಯ ಇನ್ಸುಲಿನ್ ರಕ್ತ ಸೇರಿ ಕೆಲಸ ತೋರಲು ಹೊತ್ತು ಹಿಡಿಯುವುದರಿಂದ 2 ಗಂಟೆಯಿಂದಲೇ 0.6 ಅನ್ನು 0.65ಕ್ಕೋ 0.7ಕ್ಕೋ ಏರಿಸಬೇಕು. ಇಡೀ ದಿನದ ದರ ಏರಿಸಿದರೆ ಮಧ್ಯಾಹ್ನ ಲೋ ಶುಗರ್ ಆಗಬಹುದು. ಏಕಾದಶಿ ಉಪವಾಸವೆಂದು ಪಂಪ್ ಬಿಚ್ಚಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬೇಸಲ್ ಸರಿಯಿದ್ದರೆ ಒಂದು ಹೊತ್ತಿನ ಊಟ ತಪ್ಪಿದರೂ ಶುಗರ್ ಹೆಚ್ಚು ಕದಲುವುದಿಲ್ಲ. ಕುಸಿಯಿತೆಂದರೆ ದರ ಜಾಸ್ತಿಯಿದೆ ಎಂದರ್ಥ.

ಗಡಿಯಾರವನ್ನೂ ನೋಡಿ. ಬ್ಯಾಟರಿ ಬದಲಿಸಿದ ಮೇಲೆ ಪಂಪಿನಲ್ಲಿ ಬೆಳಿಗ್ಗೆ-ಸಂಜೆ ಅದಲುಬದಲಾದರೆ ಜಾವದ ದರ ಹಾಡಹಗಲೇ ಓಡುತ್ತದೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಇನ್ಸುಲಿನ್ ತುಂಬಿದರೆ, ಅದು ಬಿಸಿಯಾಗುತ್ತ ನಳಿಕೆಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯಿದ್ದಷ್ಟು ಉದ್ದಕ್ಕೆ ಇನ್ಸುಲಿನ್ ಇಲ್ಲವೆಂದೇ ಲೆಕ್ಕ. ಚರ್ಮದಡಿ ಕೂರುವ ಸಣ್ಣ ಕೊಳವೆ, ಕ್ಯಾನುಲಾ, ಮಡಚಿದರಂತೂ ಹನಿಯೂ ಒಳಗೆ ಹೋಗದು. ಪಂಪಿನಲ್ಲಿರುವುದು ಬೇಗ ಕರಗಿಹೋಗುವ ಇನ್ಸುಲಿನ್ ಮಾತ್ರವಾದ್ದರಿಂದ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಏರತೊಡಗುತ್ತದೆ. ಕಾರಣವಿಲ್ಲದೆ ಶುಗರ್ 250 ದಾಟಿ ಅದನ್ನು ಇಳಿಸಲೆಂದು ಕೊಟ್ಟ ತಿದ್ದುಪಡಿ ಬೋಲಸ್‌ಗೂ ಇಳಿಯದಿದ್ದರೆ ಕೀಟೋನ್ ನೋಡಿ, ಸಿರಿಂಜು ಅಥವಾ ಪೆನ್ನಿನಿಂದ ಇನ್ಸುಲಿನ್ ಚುಚ್ಚಿ, ನಳಿಕೆ-ಕ್ಯಾನುಲಾ ಸೆಟ್ ಬದಲಿಸಿ. ವಾಂತಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಸಿರಿಂಜಿನದೇ ನನಗೆ ದೊಡ್ಡ ಭಯ. ಪಂಪಿಗೆ ಬಳಸುವುದು ಮಿಲಿಲೀಟರಿಗೆ 100 ಯೂನಿಟ್‌ನ ಇನ್ಸುಲಿನ್. ನಮ್ಮ ಕಡೆ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವುದು ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್‌ಗೆಂದು ಗೆರೆ ಹಾಕಿದ, ಕೆಂಪು ಮುಚ್ಚಳದ 40ರ ಸಿರಿಂಜು. ಅದರಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಪಂಪ್ ಕೊಡುವ ಆಸ್ಪತ್ರೆಗಳು ಗಂಟೆಗಂಟೆಯ ಬೇಸಲ್ ದರವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಲಿ, ಜೊತೆಗೆ ಕಿತ್ತಳೆ ಮುಚ್ಚಳದ 100ರ ಸಿರಿಂಜು ನಾಲ್ಕಾದರೂ ಚೀಲಕ್ಕೆ ಹಾಕಿ ಕಳಿಸಲಿ.

— ಮಧುಮೇಹ ಆಪ್ತ ಸಲಹೆಗಾರ್ತಿ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ