ನನ್ನ ತಮ್ಮನಿಗೆ ಮಸಾಜ್ ಮಾಡುತ್ತಿದ್ದ ಅಣ್ಣನಿಗೆ

ವ್ಯಸನಮುಕ್ತಿ ಕೇಂದ್ರದಲ್ಲಿದ್ದ ಆ ಅಣ್ಣನಿಗೆ ನಮ್ಮ ಮನೆಯವರೆಲ್ಲರ ಥ್ಯಾಂಕ್ಸ್. ನಿಮ್ಮ ಹೆಸರು ಕೊನೆಗೂ ಗೊತ್ತಾಗಲೇ ಇಲ್ಲ.

ಕುಡಿತ ಬಿಟ್ಟ ಹೊಸತರಲ್ಲಿ ತಮ್ಮನಿಗೆ ಕೈ ನಡುಕ, ಬೆವರು, ನಿದ್ದೆಯೇ ಇಲ್ಲ. ಆಗ ಡಾಕ್ಟರ ಔಷಧಿಯೇ ಮುಖ್ಯ, ಮಸಾಜ್ ಅದರ ಜೊತೆಗಷ್ಟೇ ಅಂತ ಬಿಡಿಸಿ ಹೇಳಿದ್ದು ನೀವು. ಡಾಕ್ಟರು ಒಪ್ಪಿದ ಮೇಲೆಯೇ ಶುರು ಮಾಡಿದಿರಿ. ಪ್ರತಿ ಸಲವೂ “ಮುಟ್ಟಬಹುದಾ?” ಅಂತ ಕೇಳುತ್ತಿದ್ದಿರಿ. ಬೇಡ ಅಂದ ದಿನ ಸುಮ್ನೆ ಪಕ್ಕದಲ್ಲಿ ಕೂರುತ್ತಿದ್ದಿರಿ. ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಿದ್ದಾಗ ಅವನ ಮಾತಿಗೆ ಬೆಲೆ ಕೊಟ್ಟಿರಿ. ನನಗೆ ಅದೇ ಎಲ್ಲಕ್ಕಿಂತ ಜಾಸ್ತಿ.

ಬಿಗಿದ ಕತ್ತು, ಭುಜ ಸಡಿಲವಾದ ಹಾಗೆ ಅವನ ಗಾಬರಿಯೂ ಇಳಿಯುತ್ತಿತ್ತು. ಕೌನ್ಸೆಲಿಂಗ್‌ನಲ್ಲಿ ಬಾಯಿ ಬಿಡದವನು ಆಮೇಲೆ ಮಾತಾಡತೊಡಗಿದ. ಕುಡಿಯುವ ಆಸೆ ಈಗಲೂ ಬರುತ್ತದೆ. ಆಗ ನೀವು ಕಲಿಸಿದಂತೆ ತಾನೇ ಭುಜ ಒತ್ತಿಕೊಳ್ಳುತ್ತಾನೆ, ಕೌನ್ಸೆಲರ್‌ಗೆ ಫೋನ್ ಮಾಡುತ್ತಾನೆ.